ಹಳೇ ಕುರ್ಚಿ: ಉಜ್ಜಿ ಹೊಸದು ಮಾಡಿಸಬೇಕಾ, ಇದ್ದ ಹಾಗೇ ಉಳಿಸಬೇಕಾ?

ಮೂಲೆಮನೆ:
ಎಲ್ಲರಿಗೂ ನಮಸ್ಕಾರ. ದೊಡ್ಡಮ್ಮನ ಕಡೆಯಿಂದ ನಮಗೆ ಒಂದು ಹಳೇ ಕೈಕುರ್ಚಿ ಬಂದಿದೆ. ಕೈಗಳ ತುದಿಯಲ್ಲಿ ಕೆತ್ತನೆ, ಸ್ಪ್ರಿಂಗ್ ಸೀಟು, ಮೇಲೆ ಹರಿದ ರೆಕ್ಸಿನ್. ರೆಕ್ಸಿನ್ ಒಂದು ಮೂಲೆಯಲ್ಲಿ ಎದ್ದಿತ್ತು. ಇಣುಕಿ ನೋಡಿದರೆ ಅದರ ಕೆಳಗೆ ಇನ್ನೊಂದು ಬಟ್ಟೆ ಇದೆ, ಹೂಬಳ್ಳಿಯ ನೇಯ್ಗೆ, ಹಸಿರು. ಮರದ ಪಾಲಿಷ್ ಕಪ್ಪಾಗಿದೆ, ಒಂದು ಕೈ ಮೇಲೆ ಲೋಟ ಇಟ್ಟ ಬಿಳಿ ಗುರುತು. ಹಿಂಗಾಲೊಂದು ಅಲ್ಲಾಡುತ್ತದೆ. ಕೆಳಗಡೆ ಸಣ್ಣ ಸಣ್ಣ ತೂತುಗಳೂ ಇವೆ.

ಬಡಗಿಯೊಬ್ಬರಿಗೆ ತೋರಿಸಿದೆ. ಮಷೀನಿನಲ್ಲಿ ಉಜ್ಜಿ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಥರದ ಪಾಲಿಷ್) ಹೊಡೆಯೋಣ, ಒಳಗಿನ ಕಸ ಎಲ್ಲ ಎಸೆದು ಫೋಮ್ ತುಂಬೋಣ, ಕಾಲಿಗೆ ಎರಡು ಮೊಳೆ, ಒಂದು ವಾರದಲ್ಲಿ ಹೊಸ ಕುರ್ಚಿ ಎಂದರು. ಮನೆಯವರು ಮಾತ್ರ ಹಳೇ ಸಾಮಾನು ಉಜ್ಜಿಸಬೇಡಿ ಎಂದು ಹಟ ಹಿಡಿದಿದ್ದಾರೆ. ಯಾರ ಮಾತು ಕೇಳಲಿ? ಮ್ಯೂಸಿಯಂ ಸಾಮಾನೇನಲ್ಲ, ನಮಗೆ ಕೂರಲು ಬೇಕು.

ಗರಗಸ:
ಬಡಗಿ ಹೇಳಿದ್ದೇ ಸರಿ. ಕುರ್ಚಿ ಇರುವುದು ಕೂರಲಿಕ್ಕೆ, ಪೂಜೆ ಮಾಡಲಿಕ್ಕಲ್ಲ. ಪಿಯು ಹೊಡೆಸಿ ಆರಾಮಾಗಿರಿ.

ಉಳಿಪೆಟ್ಟು:
ಸ್ವಲ್ಪ ನಿಲ್ಲಿ. ಯಾವ ಪಾಲಿಷ್ ಎಂದೇ ನೋಡದೆ ಮಷೀನ್ ಹಚ್ಚಬೇಡಿ. ಮೊದಲು ಕಾಣದ ಜಾಗ ಹುಡುಕಿ, ಸೀಟಿನ ಪಟ್ಟಿಯ ಒಳಬದಿ ಆದರೆ ಒಳ್ಳೆಯದು. ಹತ್ತಿಗೆ ಸ್ಪಿರಿಟ್ ಅದ್ದಿ ಅಲ್ಲಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಅಂಟಂಟಾಗಿ ಕಂದು ಬಣ್ಣ ಹತ್ತಿಗೆ ಬಂದರೆ ಅದು ಅರಗಿನ ಪಾಲಿಷ್, ಅಂದರೆ ಶೆಲಾಕ್. ಬರಲಿಲ್ಲ ಎಂದರೆ ಲ್ಯಾಕರ್ ಥಿನ್ನರ್‌ನಲ್ಲಿ ಇದೇ ಪರೀಕ್ಷೆ ಮಾಡಿ. ಅದಕ್ಕೆ ಕರಗಿದರೆ ನೈಟ್ರೊಸೆಲ್ಯುಲೋಸ್ ಲ್ಯಾಕರ್, ಅದು ಜಾಸ್ತಿ ಬಳಕೆಗೆ ಬಂದದ್ದು 1920ರ ದಶಕದಲ್ಲಿ. ಎರಡಕ್ಕೂ ಜಗ್ಗದಿದ್ದರೆ ವಾರ್ನಿಶ್ ಅಥವಾ ಆಮೇಲೆ ಯಾರೋ ಬಳಿದ ಪಿಯು.

ಅರಗಿನ ಪಾಲಿಷ್ ಆಗಿದ್ದರೆ ನಿಮ್ಮ ಅದೃಷ್ಟ. ಹೊಸ ತೆಳು ಕೋಟು ಬಳಿದರೆ ಅದರಲ್ಲಿರುವ ಸ್ಪಿರಿಟ್ ಹಳೇ ಕೋಟನ್ನು ಸ್ವಲ್ಪ ಕರಗಿಸಿ ಎರಡೂ ಒಂದಾಗುತ್ತವೆ. ಹಳೆಯದನ್ನು ತೆಗೆಯುವ ಅಗತ್ಯವೇ ಇಲ್ಲ. ಪಿಯು ಹಾಗಲ್ಲ, ಒಮ್ಮೆ ಗಟ್ಟಿಯಾದರೆ ಯಾವ ಸ್ಪಿರಿಟ್‌ಗೂ ಬಗ್ಗುವುದಿಲ್ಲ. ನಾಳೆ ಅದು ಗೀರು ಬಿದ್ದು ಸಿಪ್ಪೆ ಏಳಲು ಶುರುವಾದಾಗ ಮತ್ತೆ ಮರದವರೆಗೂ ಉಜ್ಜಬೇಕು. ಕೆತ್ತನೆಯ ಅಂಚು ಪ್ರತಿ ಸಲ ಒಂದಿಷ್ಟು ಸವೆಯುತ್ತದೆ. ಎರಡು ಮೂರು ಸಲ ಆದ ಮೇಲೆ ಎಲೆ ಯಾವುದು ಬಳ್ಳಿ ಯಾವುದು ಗೊತ್ತಾಗುವುದಿಲ್ಲ.

ಕುತೂಹಲಿ:
ಸ್ಪಿರಿಟ್ ಪರೀಕ್ಷೆ ಮಾಡಿದೆ ಅಂದುಕೊಳ್ಳಿ, ಮೇಲೆ ಮೇಣ ಇದ್ದರೆ?

ಉಳಿಪೆಟ್ಟು:
ಒಳ್ಳೇ ಪ್ರಶ್ನೆ. ಮೊದಲು ಆ ಜಾಗವನ್ನು ಟರ್ಪಂಟೈನ್‌ನಲ್ಲಿ ಒರೆಸಿ. ಮೇಣ ಹೋಗುತ್ತದೆ, ಅರಗಿಗೆ ಏನೂ ಆಗುವುದಿಲ್ಲ. ಆಮೇಲೆ ಸ್ಪಿರಿಟ್.

ಹಳೇಮರ:
ಅಷ್ಟೆಲ್ಲ ಯಾಕೆ? ಅಗಸೆ ಎಣ್ಣೆ, ಟರ್ಪಂಟೈನ್, ವಿನೆಗರ್ ಸಮ ಸಮ ಕಲಸಿ ಒರೆಸಿ. ಹಿಂದಿನವರು ಇದನ್ನೇ ಮಾಡುತ್ತಿದ್ದರು. ಫಳಫಳ ಹೊಳೆಯುತ್ತದೆ.

ಅರಗು:
ದಯವಿಟ್ಟು ಬೇಡ. ಮ್ಯೂಸಿಯಂನವರೂ ಒಂದು ಕಾಲಕ್ಕೆ ಇದನ್ನೇ ಹಚ್ಚುತ್ತಿದ್ದರು, ಆಮೇಲೆ ಕೈಬಿಟ್ಟರು. ಅಗಸೆ ಎಣ್ಣೆ ಒಣಗುವುದು ಎಂದರೆ ಗಾಳಿಯ ಆಮ್ಲಜನಕ ಕುಡಿದು ಗಟ್ಟಿಯಾಗುವುದು. ವರ್ಷ ಹೋದ ಹಾಗೆ ಕಪ್ಪಾಗುತ್ತದೆ, ಧೂಳನ್ನೂ ಹಿಡಿದುಕೊಳ್ಳುತ್ತದೆ, ಆಮೇಲೆ ಕೆಳಗಿನ ಪಾಲಿಷ್‌ಗೆ ಪೆಟ್ಟಾಗದ ಹಾಗೆ ಅದನ್ನು ತೆಗೆಯುವುದು ಬಹಳ ಕಷ್ಟ. ನೀವು ಕಪ್ಪು ಪಾಲಿಷ್ ಅನ್ನುತ್ತಿರುವುದು ಇಂಥದ್ದೇ ಎಣ್ಣೆ-ಕೊಳೆ ಪದರ ಇರಬಹುದು.

ಇನ್ನೊಂದು ಮಾತು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗುವುದಿಲ್ಲ, ತಾನಾಗೇ ಬೆಂಕಿ ಹತ್ತುತ್ತದೆ. ಸುಮ್ನೆ ಹೆದರಿಸುತ್ತಿಲ್ಲ, ಮರಗೆಲಸದ ಶೆಡ್‌ಗಳು ಹೀಗೇ ಸುಟ್ಟಿವೆ. ನೀರಿನಲ್ಲಿ ಮುಳುಗಿಸಿಡಿ, ಇಲ್ಲವೇ ಬಯಲಲ್ಲಿ ಬಿಡಿಸಿ ಒಣಗಿಸಿ.

ಹಳೇಮರ:
ಮೂವತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ಏನೂ ಆಗಿಲ್ಲ.

ಅರಗು:
ಅಣ್ಣಾ, ಮೂವತ್ತು ವರ್ಷದ ಹಿಂದಿನ ಫೋಟೋ ಇದ್ದರೆ ಪಕ್ಕದಲ್ಲಿಟ್ಟು ನೋಡಿ.

ಮೂಲೆಮನೆ:
ಕೊಳೆ ಇರಬಹುದು ಅಂದಿರಲ್ಲ, ಅದನ್ನು ತೆಗೆಯುವುದು ಹೇಗೆ? ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕಾ?

ಅರಗು:
ಒದ್ದೆ ಬೇಡ. ನೀರು ನಿಂತರೆ ಅರಗು ಬೆಳ್ಳಗಾಗುತ್ತದೆ, ನಿಮ್ಮ ಲೋಟದ ಗುರುತೇ ಸಾಕ್ಷಿ. ಹತ್ತಿಯ ಉಂಡೆಯನ್ನು ಹಿಂಡಿ ಬರೀ ತೇವ ಉಳಿಸಿಕೊಂಡು, ಅಂಗೈಯಷ್ಟು ಜಾಗ ಒರೆಸಿ, ತಕ್ಷಣ ಒಣ ಹತ್ತಿ ಆಡಿಸಿ. ಹತ್ತಿ ಕಂದಾಗುತ್ತಿದ್ದರೆ ನಿಲ್ಲಿಸಿ ನೋಡಿ, ಬರುತ್ತಿರುವುದು ಕೊಳೆಯಾ ಪಾಲಿಷ್ಷಾ ಎಂದು. ನಗಬೇಡಿ, ಸಂರಕ್ಷಣೆ ಮಾಡುವವರು ಇದಕ್ಕೆ ಎಂಜಲನ್ನೂ ಬಳಸುತ್ತಾರೆ. ಹತ್ತಿ ಸುತ್ತಿದ ಕಡ್ಡಿಯನ್ನು ನಾಲಿಗೆಗೆ ತಾಗಿಸಿ ಒರೆಸುವುದು.

ಗರಗಸ:
ಇದನ್ನು ಕೇಳಲು ಇಷ್ಟು ದೂರ ಓದಿಕೊಂಡು ಬಂದೆನಾ 😂

ಓದುಗಿ:
ನಿಜ ಮಾರಾಯರೆ. ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಇದೆಯಲ್ಲ, 2018ರಲ್ಲಿ ಅದರ ರಸಾಯನಶಾಸ್ತ್ರದ ಬಹುಮಾನ ಬಂದಿದ್ದೇ ಇದಕ್ಕೆ. ಎಂಜಲು ಎಷ್ಟು ಚೆನ್ನಾಗಿ ಕೊಳೆ ತೆಗೆಯುತ್ತದೆ ಎಂದು ಪೋರ್ಚುಗಲ್‌ನವರು ಅಳೆದು ನೋಡಿದ್ದರು. ಅದರಲ್ಲಿರುವ ಅಮೈಲೇಸ್ ಎಂಬ ಕಿಣ್ವದ್ದೇ ಕೆಲಸ. ಒಂದು ಸಲ ಬಳಸಿದ ಹತ್ತಿಯನ್ನು ಮತ್ತೆ ಬಾಯಿಗೆ ಇಡಬೇಡಿ, ಅಷ್ಟೇ.

ಉಳಿಪೆಟ್ಟು:
ಲೋಟದ ಗುರುತಿನ ಬಗ್ಗೆ. ಬಿಳಿ ಇದ್ದರೆ ತೇವ ಪಾಲಿಷ್‌ನಲ್ಲೇ ನಿಂತಿದೆ, ಮರಕ್ಕೆ ಇಳಿದಿಲ್ಲ. ಹತ್ತಿ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ, ಸ್ಪಿರಿಟ್ ತಾಗಿಸಿದೆಯೋ ಇಲ್ಲವೋ ಅನ್ನುವಷ್ಟು ತಾಗಿಸಿ, ಗುರುತಿನ ಮೇಲೆ ನಿಲ್ಲಿಸದೆ ಹಗುರವಾಗಿ ಆಡಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ನಿಲ್ಲಿಸಿದರೆ ಪಾಲಿಷ್ ಕಿತ್ತು ಬರುತ್ತದೆ, ನೆನಪಿರಲಿ. ಕಪ್ಪು ಗುರುತು ಬೇರೆ ಕಥೆ. ಅದು ನೀರು ಮರಕ್ಕೇ ಇಳಿದು, ಮರದ ಟ್ಯಾನಿನ್ (ಒಗರಿನ ಅಂಶ) ಜೊತೆ ಕಬ್ಬಿಣ ಸೇರಿ ಆದ ಕಲೆ. ಅದಕ್ಕೆ ಆಕ್ಸಾಲಿಕ್ ಆಮ್ಲ ಬೇಕು, ಅದು ವಿಷ, ಅದಕ್ಕೂ ಮೊದಲು ಪಾಲಿಷ್ ತೆಗೆಯಬೇಕು. ನನ್ನನ್ನು ಕೇಳಿದರೆ ಕಪ್ಪು ಕಲೆಯನ್ನು ಬಿಟ್ಟುಬಿಡುವುದೇ ವಾಸಿ.

ಕುತೂಹಲಿ:
ಅಂಗಡಿಯ ಸ್ಪ್ರೇ ಪಾಲಿಷ್ ಹೊಡೆದರೆ?

ಉಳಿಪೆಟ್ಟು:
ಬಹಳಷ್ಟರಲ್ಲಿ ಸಿಲಿಕೋನ್ ಇರುತ್ತದೆ. ಬಿರುಕಿನಲ್ಲಿ ಇಳಿದು ಕೂತುಬಿಟ್ಟರೆ ಮುಂದೆ ಹಚ್ಚುವ ಪಾಲಿಷ್ ಅಲ್ಲಲ್ಲಿ ಹಿಡಿಯದೆ ಗುಳಿ ಗುಳಿಯಾಗುತ್ತದೆ. ಗಟ್ಟಿ ಜೇನುಮೇಣ ಸಾಕು, ಅದೂ ವರ್ಷಕ್ಕೊಮ್ಮೆ, ತೆಳ್ಳಗೆ.

ಗರಗಸ:
ಸರಿ ಸ್ವಾಮಿ, ಅಲ್ಲಾಡುವ ಕಾಲಿಗೆ? ಅದಕ್ಕೂ ಎಂಜಲು ಹಚ್ಚಬೇಕಾ? ಎರಡು ಮೊಳೆ ಹೊಡೆದರೆ ಮುಗಿಯಿತಲ್ಲ.

ಜೋಡುಹಲಗೆ:
ಮೊಳೆಯೇ ಹಳೇ ಕುರ್ಚಿಗಳ ದೊಡ್ಡ ಶತ್ರು. ಕಾಲು ಅಲ್ಲಾಡುವುದು ಜೋಡಣೆಯ ಅಂಟು ಬಿಟ್ಟಿದ್ದರಿಂದ. ಮೊಳೆ ಹೊಡೆದರೆ ಅಂಟು ಕೂಡುವುದಿಲ್ಲ, ಅಲ್ಲಾಟವೂ ನಿಲ್ಲುವುದಿಲ್ಲ. ಕೂತು ಏಳುವಾಗಲೆಲ್ಲ ಮರ ಮೊಳೆಯ ಸುತ್ತ ಜಗ್ಗಿ ತೂತು ದೊಡ್ಡದಾಗುತ್ತದೆ, ಕೊನೆಗೆ ಒಳಗಿನ ನಾಲಿಗೆಯೇ, ಅಂದರೆ ಗುಳಿಯೊಳಗೆ ಕೂರುವ ಮರದ ತುದಿಯೇ, ಸೀಳುತ್ತದೆ. ಆಗ ರಿಪೇರಿ ಹತ್ತು ಪಟ್ಟು ದೊಡ್ಡದು.

ಹಳೇ ಕುರ್ಚಿಗಳನ್ನು ಕೂಡಿಸಿದ್ದು ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡಿದ ಅಂಟಿನಿಂದ. ಅದರ ಗುಣ ಏನೆಂದರೆ ಬಿಸಿ ಮತ್ತು ತೇವ ಕೊಟ್ಟರೆ ಬಿಡುತ್ತದೆ. ಹಳೇ ಅಂಟಿನ ಮೇಲೆ ಹೊಸ ಅಂಟು ಕೂಡುತ್ತದೆ ಕೂಡ. ಜೋಡಣೆ ಬಿಡಿಸಿ, ಬೆಚ್ಚಗಿನ ನೀರಿನ ಬಟ್ಟೆಯಲ್ಲಿ ಹಳೆಯದನ್ನು ಒರೆಸಿ, ಒಣಗಿಸಿ, ಹೊಸ ಅಂಟು ಹಚ್ಚಿ, ಕ್ಲ್ಯಾಂಪ್ ಹಾಕಿ ಒಂದು ದಿನ ಬಿಟ್ಟರೆ ಮುಗಿಯಿತು. ಬಿಡದೆ ಹಟ ಮಾಡುವ ಜೋಡಣೆಗೆ ಸಿರಿಂಜ್‌ನಲ್ಲಿ ಒಂದೆರಡು ತೊಟ್ಟು ಸ್ಪಿರಿಟ್ ಬಿಡಿ, ಒಣಗಿದ ಅಂಟು ಪೆಡಸಾಗಿ ಚಟಕ್ಕೆಂದು ಬಿಡುತ್ತದೆ. ಆದರೆ ಆ ಸ್ಪಿರಿಟ್ ಅರಗಿನ ಪಾಲಿಷ್ ಮೇಲೆ ಹರಿಯದ ಹಾಗೆ ನೋಡಿಕೊಳ್ಳಿ.

ಅಂಟನ್ನು ಕಾಯಿಸುವಾಗ ನೇರ ಉರಿ ಬೇಡ. ನೀರಿನ ಪಾತ್ರೆಯೊಳಗೆ ಅಂಟಿನ ಪಾತ್ರೆ ಇಟ್ಟು, ಸುಮಾರು 60 ಡಿಗ್ರಿ. ಕುದಿಸಿದರೆ ಹಿಡಿತ ಹೋಗುತ್ತದೆ.

ಗರಗಸ:
ಬಿಳಿ ಅಂಟು ಇದಕ್ಕಿಂತ ಗಟ್ಟಿ. ನಾನೇ ಬಳಸುತ್ತೇನೆ. ವಾಸನೆಯೂ ಇಲ್ಲ.

ಜೋಡುಹಲಗೆ:
ಹೊಸ ಮರಕ್ಕೆ ಹಚ್ಚಿ, ಬೇಡ ಅನ್ನುವುದಿಲ್ಲ. ಆದರೆ ಬಿಳಿ ಅಂಟು ತನ್ನ ಹಳೇ ಪದರದ ಮೇಲೆ ತಾನೇ ಹಿಡಿಯುವುದಿಲ್ಲ. ಮತ್ತೆ ಬಿಟ್ಟಾಗ ಅದನ್ನು ಮರದಿಂದ ಕೆರೆಯಬೇಕು, ಕೆರೆದರೆ ನಾಲಿಗೆ ತೆಳ್ಳಗಾಗಿ ಜೋಡಣೆ ಸಡಿಲ. ಕುರ್ಚಿಯ ಜೋಡಣೆ ಇನ್ನೈವತ್ತು ವರ್ಷದಲ್ಲಿ ಮತ್ತೆ ಬಿಡುತ್ತದೆ, ಅದರಲ್ಲಿ ಅನುಮಾನ ಬೇಡ. ಅವತ್ತು ರಿಪೇರಿ ಮಾಡುವವನಿಗೆ ದಾರಿ ಬಿಡುವುದೋ, ಅವನಿಗೆ ಶಾಪ ಹಾಕುವ ಕೆಲಸ ಕೊಡುವುದೋ ನೀವೇ ನೋಡಿ.

ಸೂಜಿಮೊನೆ:
ಎಲ್ಲರೂ ಮರ ಮರ ಅನ್ನುತ್ತಿದ್ದೀರಿ. ರೆಕ್ಸಿನ್ ಕೆಳಗಿನ ಬಟ್ಟೆಯ ಬಗ್ಗೆ ಯಾರೂ ಮಾತಾಡಲಿಲ್ಲ! ಆ ಕುರ್ಚಿಯಲ್ಲಿ ಎಲ್ಲಕ್ಕಿಂತ ಅಪರೂಪದ್ದು ಅದೇ. ಮರ ಉಳಿಯುತ್ತದೆ, ಬಟ್ಟೆ ಉಳಿಯುವುದಿಲ್ಲ, ಪ್ರತಿ ಸಲ ಸೀಟು ಕಟ್ಟುವವರು ಹಳೆಯದನ್ನು ಕಿತ್ತು ಎಸೆಯುತ್ತಾರೆ.

ಬಡಗಿ ಕಸ ಅಂದರಲ್ಲ, ಅದು ಕಸ ಅಲ್ಲ. ಮೇಲಿಂದ ಕೆಳಗೆ ಬಂದರೆ ಬಟ್ಟೆ, ಅದರ ಕೆಳಗೆ ತೆಳು ಹತ್ತಿ, ಕುದುರೆ ಕೂದಲಿನ ಪದರ, ಗೋಣಿಯಂಥ ಬಟ್ಟೆ, ಮತ್ತೆ ಕೂದಲೋ ನಾರೋ, ಗೋಣಿ, ಸ್ಪ್ರಿಂಗ್, ಎಲ್ಲದರ ಕೆಳಗೆ ಹೆಣೆದ ಸೆಣಬಿನ ಪಟ್ಟಿ. ಸ್ಪ್ರಿಂಗ್‌ಗಳನ್ನು ದಾರದಲ್ಲಿ ಎಂಟು ದಿಕ್ಕಿಗೆ ಕಟ್ಟಿರುತ್ತಾರೆ. ಅಂಚಿನಲ್ಲಿ ಉದ್ದ ಸೂಜಿಯಿಂದ ಹೊಲಿದು ಕೂದಲನ್ನೇ ಗಟ್ಟಿ ದಿಂಡು ಮಾಡಿರುತ್ತಾರೆ, ಸೀಟಿನ ಆಕಾರ ನಿಲ್ಲುವುದೇ ಆ ಹೊಲಿಗೆಯಿಂದ. ಇದನ್ನೆಲ್ಲ ಕಿತ್ತೆಸೆದು ಚೌಕಾಕಾರದ ಫೋಮ್ ಇಟ್ಟರೆ ಕುರ್ಚಿಯ ಮೈಕಟ್ಟೇ ಹೋಗುತ್ತದೆ.

ಕುದುರೆ ಕೂದಲು ನೂರು ವರ್ಷ ಆದರೂ ಸತ್ತಿರುವುದಿಲ್ಲ. ಚಪ್ಪಟೆಯಾಗಿದ್ದರೆ ತೊಳೆದು, ಒಣಗಿಸಿ, ಬೆರಳಲ್ಲಿ ಬಿಡಿಸಿದರೆ ಮತ್ತೆ ಪುಟಿಯುತ್ತದೆ. ಫೋಮ್ ಕೆಲವೇ ದಶಕಗಳಲ್ಲಿ ಪುಡಿ ಪುಡಿ.

ಗರಗಸ:
ಕುದುರೆ ಕೂದಲು ಚುಚ್ಚುತ್ತದೆ.

ಸೂಜಿಮೊನೆ:
ಮೇಲಿನ ಹತ್ತಿ ಪದರ ಇರುವುದು ಅದಕ್ಕೇ. ಅದನ್ನು ಹಾಕದೆ ಉಳಿಸಿದವರನ್ನು ಬೈಯಿರಿ, ಕುದುರೆಯನ್ನಲ್ಲ.

ಹಸಿರುಮಸಿ:
ಹಸಿರು ಬಟ್ಟೆ ಎಂದು ಓದಿದೆ. ಹುಷಾರು! ಹಳೇ ಹಸಿರಿನಲ್ಲಿ ಆರ್ಸೆನಿಕ್ ಇರುತ್ತದೆ. 1775ರ ಷೀಲೆ ಹಸಿರು, 1814ರ ಎಮರಾಲ್ಡ್ ಹಸಿರು, ಎರಡೂ ವಿಷ. ಮುಟ್ಟಲೇ ಬೇಡಿ.

ನೂಲೆಳೆ:
ಅರ್ಧ ನಿಜ. ಅವೆರಡೂ ಬಣ್ಣದ ಪುಡಿಗಳು. ವಾಲ್‌ಪೇಪರ್, ಕೃತಕ ಹೂವಿನ ಎಲೆ, ಮೇಲೆ ಬಳಿದ ಅಥವಾ ಅಚ್ಚು ಹಾಕಿದ ಬಟ್ಟೆಗಳಲ್ಲಿ ಬಳಸಿದರು. ಇವರದ್ದು ನೇಯ್ಗೆಯ ಹೂಬಳ್ಳಿ, ಅಂದರೆ ಎಳೆಗೇ ಬಣ್ಣ ಹಾಕಿ ಆಮೇಲೆ ನೇಯ್ದದ್ದು. ಹಳೇ ಕಾಲದಲ್ಲಿ ಎಳೆಗೆ ಹಸಿರು ಬರಿಸುತ್ತಿದ್ದದ್ದು ಜಾಸ್ತಿ ನೀಲಿ-ಹಳದಿ ಸೇರಿಸಿ. ಹಳೇ ಟೇಪಸ್ಟ್ರಿಗಳಲ್ಲಿ (ಗೋಡೆಗೆ ತೂಗುವ ಚಿತ್ರ ನೇಯ್ದ ಬಟ್ಟೆ) ಮರದ ಎಲೆಗಳು ನೀಲಿಯಾಗಿ ಕಾಣುತ್ತವಲ್ಲ, ನೇಕಾರರು ನೀಲಿ ಎಲೆ ನೇಯ್ದದ್ದಲ್ಲ. ಹಳದಿ ಬೆಳಕಿಗೆ ಹಾರಿಹೋಗಿದೆ, ನೀಲಿ ಉಳಿದಿದೆ.

ಆದರೂ ಮಾಸ್ಕ್, ಕೈಗವಸು ಬೇಕೇ ಬೇಕು. ಹಳೇ ಸೀಟು ಬಿಚ್ಚಿದಾಗ ಏಳುವ ಧೂಳಿನಲ್ಲಿ ಬೂಷ್ಟು, ಹುಳದ ಹಿಕ್ಕೆ, ಹಿಂದೆ ಯಾರೋ ಹೊಡೆದ ಕೀಟನಾಶಕ ಏನು ಬೇಕಾದರೂ ಇರಬಹುದು.

ಮೂಲೆಮನೆ:
ಬಟ್ಟೆ ರೇಷ್ಮೆಯ ಹಾಗೆ ಕಾಣುತ್ತದೆ, ಕೆಲವು ಕಡೆ ಉದ್ದುದ್ದ ಸೀಳು ಬಿಟ್ಟಿದೆ. ತುಂಬಾ ಧೂಳಿದೆ. ತಣ್ಣೀರಲ್ಲಿ ಶಾಂಪೂ ಹಾಕಿ ನಿಧಾನಕ್ಕೆ ಒಗೆಯಲಾ?

ನೂಲೆಳೆ:
ಬೇಡ ಬೇಡ ಬೇಡ.

ಒದ್ದೆಯಾದ ಹಳೇ ರೇಷ್ಮೆಗೆ ತನ್ನ ಭಾರ ಹೊರುವ ಶಕ್ತಿಯೂ ಇರುವುದಿಲ್ಲ. ಎತ್ತುವಾಗಲೇ ಹರಿಯುತ್ತದೆ. ಬಣ್ಣ ಬಿಟ್ಟು ಪಕ್ಕದ ಎಳೆಗೆ ಹತ್ತಿದರೆ ಅದನ್ನು ಹಿಂದಕ್ಕೆ ತರುವ ವಿದ್ಯೆ ಇಲ್ಲ. ಉದ್ದುದ್ದ ಸೀಳು ಅಂದಿರಲ್ಲ, ಹತ್ತೊಂಬತ್ತನೇ ಶತಮಾನದ ಕೊನೆಯ ರೇಷ್ಮೆ ಆಗಿದ್ದರೆ ಅದಕ್ಕೆ ತವರದ ಲವಣ ಹಾಕಿರಬಹುದು. ರೇಷ್ಮೆ ಎಳೆಯ ಸಹಜ ಅಂಟು ತೊಳೆದಾಗ ತೂಕ ಕಮ್ಮಿಯಾಗುತ್ತದೆ, ಮಾರುವುದು ತೂಕದ ಮೇಲೆ, ಅದಕ್ಕೆ ಲೋಹದ ಲವಣ ಕುಡಿಸಿ ತೂಕ ತುಂಬಿಸಿದರು. ಹೊಸದರಲ್ಲಿ ಬಟ್ಟೆ ದಪ್ಪಗೆ, ಸರಸರ ಸದ್ದು ಮಾಡುತ್ತಿತ್ತು. ಆಮೇಲೆ ಆ ಲವಣವೇ ಎಳೆಯನ್ನು ತಿಂದಿತು. ಇಂಥ ರೇಷ್ಮೆ ಪೆಟ್ಟಿಗೆಯಲ್ಲಿ ಸುಮ್ಮನೆ ಮಡಚಿಟ್ಟರೂ ಸೀಳುತ್ತದೆ. ಕಬ್ಬಿಣ ಹಾಕಿ ಬರಿಸಿದ ಕಪ್ಪು, ಕಂದು ಬಣ್ಣಗಳ ಕಥೆಯೂ ಇದೇ, ಹಳೇ ಕಸೂತಿಯಲ್ಲಿ ಕಪ್ಪು ಎಳೆ ಮಾತ್ರ ಉದುರಿ ಹೋಗಿರುವುದನ್ನು ನೋಡಿರುತ್ತೀರಿ.

ಧೂಳು ತೆಗೆಯಲು ವ್ಯಾಕ್ಯೂಮ್ ಕ್ಲೀನರ್ ಸಾಕು. ಕಮ್ಮಿ ಸೆಳೆತಕ್ಕೆ ಇಟ್ಟು, ಬಟ್ಟೆಯ ಮೇಲೆ ಮೆತ್ತನೆಯ ಪ್ಲಾಸ್ಟಿಕ್ ಬಲೆ ಹಾಸಿ, ಕೊಳವೆಯನ್ನು ಬಲೆಯಿಂದ ಸ್ವಲ್ಪ ಮೇಲೆ ಹಿಡಿದು ಎಳೆಯಿರಿ. ಬಟ್ಟೆಗೆ ಒತ್ತಿ ಉಜ್ಜಬೇಡಿ. ಸೀಳಿದ ಕಡೆ ಅದೂ ಬೇಡ.

ಕುತೂಹಲಿ:
ಸೀಳನ್ನು ಹೊಲಿದುಬಿಟ್ಟರೆ?

ನೂಲೆಳೆ:
ಸೀಳಿನ ಎರಡು ಅಂಚು ಎಳೆದು ಕೂಡಿಸಿ ಹೊಲಿಯಬಾರದು. ಸೂಜಿ ಹೋದಲ್ಲಿ ಹೊಸ ಸೀಳು ಶುರು. ಕೆಳಗೆ ಅದೇ ಬಣ್ಣ ಹಾಕಿದ ಬೇರೆ ಬಟ್ಟೆ ಇಟ್ಟು, ಹಳೆಯದು ಅದರ ಮೇಲೆ ಮಲಗುವ ಹಾಗೆ, ಕೂದಲೆಳೆಯಷ್ಟು ಸಣ್ಣ ರೇಷ್ಮೆ ದಾರದಲ್ಲಿ ಅಡ್ಡಲಾಗಿ ಹಿಡಿದು ಕೂರಿಸುತ್ತಾರೆ. ಭಾರವನ್ನು ಹೊರುವುದು ಹೊಸ ಬಟ್ಟೆ. ಅದೂ ಸಾಲದಿದ್ದರೆ ಮೇಲೆ ಕಣ್ಣಿಗೆ ಕಾಣದಷ್ಟು ತೆಳು ರೇಷ್ಮೆಯ ಪರದೆ. ಇದು ಮನೆಯಲ್ಲಿ ನೋಡಿ ಕಲಿಯುವ ಕೆಲಸ ಅಲ್ಲ, ಬಲ್ಲವರಿಗೆ ಬಿಡಿ.

ಓದುಗಿ:
ಹೊಲಿಗೆ ಎಂದ ತಕ್ಷಣ ನೆನಪಾಯಿತು. ಅಮೆರಿಕದ ರಾಷ್ಟ್ರಗೀತೆಗೆ ಕಾರಣವಾದ ಬಾವುಟ ಇದೆಯಲ್ಲ, 1814ರಲ್ಲಿ ಫೋರ್ಟ್ ಮೆಕ್‌ಹೆನ್ರಿ ಎಂಬ ಕೋಟೆ ಮೇಲೆ ಹಾರಿದ್ದು. 1914ರಲ್ಲಿ ಅಮೇಲಿಯಾ ಫೌಲರ್ ಎಂಬಾಕೆ ಅದಕ್ಕೆ ಲಿನನ್ ಬಟ್ಟೆಯ ಹಿಂಬದಿ ಕೊಟ್ಟು, ಬಲೆಯ ಹಾಗೆ ಸುಮಾರು 17 ಲಕ್ಷ ಹೊಲಿಗೆ ಹಾಕಿಸಿದಳು. ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲಿನ ಸ್ಮಿತ್ಸೋನಿಯನ್ ಮ್ಯೂಸಿಯಂನವರು ಶುರುಮಾಡಿದ ಕೆಲಸದಲ್ಲಿ ಆ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆದರು. ಆಮೇಲೆ ಮೇಕಪ್‌ಗೆ ಬಳಸುವಂಥ ಒಣ ಸ್ಪಂಜಿನಿಂದ ಕೊಳೆ ಒತ್ತಿ ತೆಗೆದರು.

ಗರಗಸ:
ನೋಡಿ! ತಜ್ಞರು ಹಾಕಿದ್ದನ್ನೇ ತಜ್ಞರು ಬಿಚ್ಚಿದರು. ಮತ್ತೆ ಯಾರನ್ನು ನಂಬುವುದು? ಇವತ್ತಿನ ತಜ್ಞರು ಹೇಳಿದ್ದನ್ನು ನಾಳಿನವರು ಬೈಯುತ್ತಾರೆ. ನನ್ನ ಪಿಯುಗೂ ಅದೇ ನ್ಯಾಯ.

ಓದುಗಿ:
ಆಕೆಯ ಹೊಲಿಗೆ ಎಂಬತ್ತು ವರ್ಷಕ್ಕೂ ಜಾಸ್ತಿ ಆ ಬಾವುಟವನ್ನು ಹಿಡಿದಿಟ್ಟಿತು. ಕೆಟ್ಟ ಕೆಲಸ ಅನ್ನಲು ನನಗೆ ಮನಸ್ಸಿಲ್ಲ. ಮುಖ್ಯ ಏನೆಂದರೆ ಅದನ್ನು ಬಿಚ್ಚಲು ಆಯಿತು! ಆಕೆ ಅಂಟು ಬಳಿದಿದ್ದರೆ? ದಾರವನ್ನು ಕತ್ತರಿಸಬಹುದು. ನಿಮ್ಮ ಪಿಯು ಕತ್ತರಿಸಲು ಬರುತ್ತದಾ?

ಜೋಡುಹಲಗೆ:
👏 ಇದೇ ಮಾತು ನಾನು ಅಂಟಿನ ಬಗ್ಗೆ ಹೇಳಿದ್ದು.

ನೂಲೆಳೆ:
ಒಂದು ತಿದ್ದುಪಡಿ ಓದುಗಿ ಮೇಡಂ. ಹೊಲಿಗೆ ಬಿಚ್ಚಿದರೆ ಬಟ್ಟೆ ಮೊದಲಿನ ಹಾಗೇ ಆಗುತ್ತದೆ ಅನ್ನುವುದು ಪೂರ್ತಿ ಸರಿಯಲ್ಲ. ದಾರ ತೆಗೆದರೂ ಸೂಜಿ ಮಾಡಿದ ತೂತು ಉಳಿಯುತ್ತದೆ. 17 ಲಕ್ಷ ಹೊಲಿಗೆ ಅಂದರೆ ಎಷ್ಟು ತೂತು ಲೆಕ್ಕ ಹಾಕಿ. ಅದಕ್ಕೇ ಈಗ ಆದಷ್ಟು ಕಮ್ಮಿ ಹೊಲಿಗೆ ಹಾಕುತ್ತಾರೆ.

ಕುರುಡುಸ್ಕ್ರೂ:
ವಿಷಯಾಂತರಕ್ಕೆ ಕ್ಷಮಿಸಿ. ಮೂಲೆಮನೆಯವರೇ, ಕುರ್ಚಿ ನಿಜವಾಗಲೂ ಹಳೆಯದಾ? ಸ್ಕ್ರೂ ಬಿಚ್ಚಿ ನೋಡಿ. ತುದಿ ಚೂಪಾಗಿದ್ದರೆ ಡೂಪ್ಲಿಕೇಟು.

ಉಳಿಪೆಟ್ಟು:
ಅಷ್ಟು ಸುಲಭ ಅಲ್ಲ ಗುರುಗಳೇ. ಚೂಪು ತುದಿಯ ಸ್ಕ್ರೂ 1840ರ ದಶಕದಿಂದಲೇ ಇದೆ. ಅಂದರೆ ಚೂಪು ಸ್ಕ್ರೂ ಇದ್ದೂ ಕುರ್ಚಿ ನೂರೈವತ್ತು ವರ್ಷ ಹಳೆಯದಿರಬಹುದು. ಮೊಂಡು ತುದಿ, ತಲೆಯ ಮಧ್ಯಕ್ಕೆ ಸರಿಯಾಗಿ ಕೂರದ ಸೀಳು ಇದ್ದರೆ ಅದಕ್ಕೂ ಹಿಂದಿನದು ಇರಬಹುದು. ಆದರೆ ಸ್ಕ್ರೂ ಬದಲಾಯಿಸಲು ಎಷ್ಟು ಹೊತ್ತು? ಒಂದೇ ಗುರುತು ನೋಡಿ ತೀರ್ಪು ಕೊಡಬಾರದು. ಕಾಣದ ಜಾಗದಲ್ಲಿ ಉಜ್ಜುಗೊರಡಿನ ಸಣ್ಣ ಅಲೆ ಇದೆಯಾ, ಗರಗಸದ ಗೆರೆ ನೇರವಾ ಕಮಾನಾ, ಮೊಳೆ ತೂತುಗಳು ಎಷ್ಟು ಸಾಲು, ಎಲ್ಲ ಸೇರಿಸಿ ನೋಡಿ. ಮಷೀನಲ್ಲಿ ಉಜ್ಜಿದರೆ ಈ ಗುರುತುಗಳೂ ಅಳಿಸಿ ಹೋಗುತ್ತವೆ, ಅದನ್ನೂ ಹೇಳಿಬಿಡುತ್ತೇನೆ.

ಬೆತ್ತದಬುಟ್ಟಿ:
ಎಲ್ಲ ಹಳೇ ಕುರ್ಚಿಗೂ ಇಷ್ಟು ಉಪಚಾರ ಬೇಕಿಲ್ಲ ಎಂದು ನನ್ನ ವಾದ. ತೋನೆಟ್ ಕಂಪನಿಯ 14ನೇ ನಂಬರಿನ ಕುರ್ಚಿ ತೆಗೆದುಕೊಳ್ಳಿ, 1859ರದ್ದು. ಬೀಚ್ ಮರವನ್ನು ಹಬೆಯಲ್ಲಿ ಬಗ್ಗಿಸಿ ಮಾಡಿದ್ದು. ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಬಿಚ್ಚಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿತ್ತು. ಕೋಟಿಗಟ್ಟಲೆ ತಯಾರಾಯಿತು. ಅದರ ಬೆತ್ತದ ಸೀಟು ಹರಿದರೆ ಹೊಸದು ಹೆಣೆಸಬೇಕು, ಮೊದಲಿಂದಲೂ ಅದನ್ನು ಮಾಡಿದ್ದೇ ಹಾಗೆ. ಹರಿದ ಬೆತ್ತವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೀರಾ?

ಸೂಜಿಮೊನೆ:
ಬೆತ್ತ ಬದಲಿಸಿ, ಯಾರು ಬೇಡ ಅಂದರು. ಸೀಟಿನ ಕೆಳಗಿನ ಕಾಗದದ ಚೀಟಿಯನ್ನು ಮಾತ್ರ ಕೀಳಬೇಡಿ ಅಂತೀವಿ. ಮರವನ್ನು ಕಾಸ್ಟಿಕ್ ತೊಟ್ಟಿಯಲ್ಲಿ ಅದ್ದಬೇಡಿ ಅಂತೀವಿ, ಅಂಟೆಲ್ಲ ಬಿಡುತ್ತದೆ, ಮರ ಬೆಂಡಾಗುತ್ತದೆ.

ಬೆತ್ತದಬುಟ್ಟಿ:
ಅದಕ್ಕೆ ಒಪ್ಪಿಗೆ. ಬೆತ್ತದ ಸೀಟಿರುವವರು ಆಗಾಗ ಕೆಳಗಿನಿಂದ, ಹೊಳಪಿಲ್ಲದ ಬದಿಯಿಂದ, ಒದ್ದೆ ಬಟ್ಟೆ ಒತ್ತಿ ತೇವ ಕೊಡಿ. ಪೂರ್ತಿ ಒಣಗಿದ ಬೆತ್ತವೇ ಮುರಿಯುವುದು.

ಮೂಲೆಮನೆ:
ತೂತುಗಳ ಬಗ್ಗೆ ಯಾರೂ ಹೇಳಲಿಲ್ಲ. ಪಕ್ಕದ ಮನೆಯವರು ಸಿರಿಂಜ್‌ನಲ್ಲಿ ಒಂದೊಂದು ತೂತಿಗೂ ಔಷಧಿ ಬಿಡಿ ಎಂದರು.

ಕುಟ್ಟೆಹುಳ:
ನನ್ನ ಸರದಿ ಬಂತು 🙂 ಆ ತೂತುಗಳು ಹುಳ ಹೊರಗೆ ಬಂದ ಬಾಗಿಲುಗಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕೆಲಸ ಅದು. ಮರಿಹುಳ ಮೂರು ನಾಲ್ಕು ವರ್ಷ ಒಳಗೇ ಮರ ತಿನ್ನುತ್ತಾ ಇರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ದೊಡ್ಡದಾಗಿ ರೆಕ್ಕೆ ಬಂದ ಮೇಲೆ ಒಂದೆರಡು ಮಿಲಿಮೀಟರ್ ತೂತು ಕೊರೆದು ಹೊರಗೆ ಹಾರುತ್ತದೆ.

ಮೊದಲು ಗೊತ್ತಾಗಬೇಕಾದ್ದು ಈಗಲೂ ಹುಳ ಇದೆಯಾ ಎಂದು. ಕುರ್ಚಿ ಕೆಳಗೆ ಕಪ್ಪು ಕಾಗದ ಹಾಸಿ, ಅಲ್ಲಾಡಿಸದೆ ಕೆಲವು ವಾರ ಬಿಡಿ. ತಿಳಿ ಬಣ್ಣದ ಹೊಸ ಪುಡಿ ಬೀಳುತ್ತಿದ್ದರೆ ಜೀವ ಇದೆ. ತೂತಿನ ಅಂಚು ಕಪ್ಪಾಗಿ, ಒಳಗೆ ಧೂಳು ಕೂತಿದ್ದರೆ ಹಳೇ ಕಥೆ, ಬಿಟ್ಟುಬಿಡಿ.

ಜೀವ ಇದ್ದರೆ ಮ್ಯೂಸಿಯಂನವರು ಈಗ ಔಷಧಿ ಕಮ್ಮಿ ಬಳಸುತ್ತಾರೆ. ಗಾಳಿ ಆಡದ ಚೀಲದಲ್ಲಿಟ್ಟು ಸಾರಜನಕ ತುಂಬಿ, ಆಮ್ಲಜನಕವನ್ನು ಅರ್ಧ ಶೇಕಡಕ್ಕಿಂತ ಕೆಳಗಿಳಿಸಿ ಮೂರು ನಾಲ್ಕು ವಾರ ಇಡುತ್ತಾರೆ. ಹುಳ ಉಸಿರುಗಟ್ಟಿ ಸಾಯುತ್ತದೆ, ಮರಕ್ಕೆ, ಬಟ್ಟೆಗೆ, ಪಾಲಿಷ್‌ಗೆ ಏನೂ ಆಗುವುದಿಲ್ಲ.

ಹಳೇಮರ:
ಸೀಮೆಎಣ್ಣೆ ಬಿಟ್ಟರೂ ಸಾಯುತ್ತವೆ.

ಕುಟ್ಟೆಹುಳ:
ಎಣ್ಣೆ ತಾಗಿದವು ಸಾಯುತ್ತವೆ. ಆಳದಲ್ಲಿ ಇರುವವು ಆರಾಮಾಗಿ ಇರುತ್ತವೆ. ಸೀಟಿನ ರೇಷ್ಮೆಗೆ ಎಣ್ಣೆ ಏರುತ್ತದೆ, ಅದು ಬೋನಸ್.

ಕುತೂಹಲಿ:
ಬಟ್ಟೆಯ ನುಸಿಗೆ ಫ್ರಿಜ್‌ನಲ್ಲಿ ಇಡುತ್ತಾರಂತೆ, ಹೌದಾ?

ನೂಲೆಳೆ:
ಫ್ರಿಜ್ ಅಲ್ಲ, ಫ್ರೀಜರ್. ಉಣ್ಣೆ ಬಟ್ಟೆಗೆ ಒಳ್ಳೇ ಉಪಾಯ. ಪಾಲಿಥಿನ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಭದ್ರ ಮಾಡಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ. ಹೊರಗೆ ತೆಗೆದ ತಕ್ಷಣ ಚೀಲ ಬಿಚ್ಚಬೇಡಿ. ಒಂದು ದಿನ ಹಾಗೇ ಬಿಟ್ಟು ಕೋಣೆಯ ಬಿಸಿಗೆ ಬಂದ ಮೇಲೆ ಬಿಚ್ಚಿ, ಇಲ್ಲದಿದ್ದರೆ ತಣ್ಣಗಿನ ಬಟ್ಟೆ ಮೇಲೆ ನೀರು ಕೂರುತ್ತದೆ. ಇಡೀ ಕುರ್ಚಿಗೆ, ಅದರಲ್ಲೂ ತೆಳು ಹಲಗೆ ಅಂಟಿಸಿದ ಮೇಜು ಬೀರುಗಳಿಗೆ ಮನೆಯಲ್ಲಿ ಈ ಪ್ರಯೋಗ ಬೇಡ. ನುಸಿಗುಳಿಗೆ ಬಗ್ಗೆ ಕೇಳುವ ಮೊದಲೇ ಹೇಳುತ್ತೇನೆ, ಅದರ ಹೊಗೆ ನಮಗೂ ಒಳ್ಳೆಯದಲ್ಲ, ಕೆಲವು ಪ್ಲಾಸ್ಟಿಕ್ ಗುಂಡಿಗಳನ್ನೂ ಮೆತ್ತಗೆ ಮಾಡುತ್ತದೆ.

ಮೂಲೆಮನೆ:
ಸರಿ, ಉಜ್ಜಿಸುವುದಿಲ್ಲ ಎಂದು ತೀರ್ಮಾನ ಮಾಡಿದೆ. ಆದರೆ ರೇಷ್ಮೆ ಮೇಲೆ ಕೂರುವ ಹಾಗಿಲ್ಲ, ರೆಕ್ಸಿನ್ ನೋಡಲು ಆಗುವುದಿಲ್ಲ. ಕೂರುವುದು ಎಲ್ಲಿ?

ಸೂಜಿಮೊನೆ:
ಇದಕ್ಕೆ ದಾರಿ ಇದೆ. ರೆಕ್ಸಿನ್‌ನ ಮೊಳೆಗಳನ್ನು ಒಂದೊಂದಾಗಿ, ಮರಕ್ಕೆ ಒರಗದೆ, ಮೇಲಕ್ಕೆ ಎತ್ತಿ ತೆಗೆಯಿರಿ. ಪ್ರತಿ ಪದರಕ್ಕೂ ಫೋಟೋ. ಹಳೇ ರೇಷ್ಮೆಯನ್ನು ಕೀಳಬೇಡಿ, ಅಲ್ಲೇ ಇರಲಿ. ಅದರ ಮೇಲೆ ಮೆತ್ತನೆಯ ಒಗೆದ ಹತ್ತಿ ಬಟ್ಟೆ ಹಾಸಿ, ಮೇಲೆ ಟೋಪಿಯ ಹಾಗೆ ಕೂರುವ ಹೊಸ ಕವರು ಹೊಲಿಸಿ. ಕೆಳಗೆ ಲಾಡಿಯಿಂದ ಕಾಲಿಗೆ ಕಟ್ಟಿದರೆ ಸಾಕು, ಒಂದು ಮೊಳೆಯೂ ಬೇಡ. ಎಷ್ಟೋ ಸಲ ಕವರು ಬದಲಿಸಿದ ಕುರ್ಚಿಯ ಪಟ್ಟಿ ಮೊಳೆ ತೂತಿನಿಂದಲೇ ಜರಡಿಯಾಗಿರುತ್ತದೆ, ಹೊಸ ಮೊಳೆ ಹಿಡಿಯುವ ಜಾಗವೂ ಇರುವುದಿಲ್ಲ.

ಆದರೆ ಹಳೇ ರೇಷ್ಮೆ ಪುಡಿಯಾಗುವ ಸ್ಥಿತಿಯಲ್ಲಿದ್ದರೆ ಮೇಲೆ ಕವರು ಹಾಕಿದರೂ ದಿನಾ ಕೂರಬಾರದು. ತಿಂಗಳಿಗೊಮ್ಮೆ ಬರುವ ನೆಂಟರಿಗೆ ಓಕೆ.

ನೂಲೆಳೆ:
ದಿನಾ ಕೂರಲೇಬೇಕಾದರೆ ಬಲ್ಲವರಿಂದ ರೇಷ್ಮೆಯನ್ನು ಬಿಡಿಸಿ, ಆಮ್ಲ ಇಲ್ಲದ ಟಿಶ್ಯೂ ಕಾಗದ ಸುತ್ತಿದ ದಪ್ಪ ಕೊಳವೆಗೆ, ಚಿತ್ರ ಹೊರಗೆ ಬರುವ ಹಾಗೆ ಸುತ್ತಿಡಿ. ಮಡಚಬೇಡಿ. ಬಿಸಿಲು ಬೀಳುವ ಕಿಟಕಿ ಹತ್ತಿರ ಕುರ್ಚಿಯನ್ನೂ ಇಡಬೇಡಿ. ಮ್ಯೂಸಿಯಂನಲ್ಲಿ ಬಟ್ಟೆಗೆ ಬಿಡುವ ಬೆಳಕು 50 ಲಕ್ಸ್ (ಬೆಳಕು ಅಳೆಯುವ ಮಾನ), ನೇರ ಬಿಸಿಲು ಲಕ್ಷದ ಹತ್ತಿರ ಹೋಗುತ್ತದೆ. ಹಾರಿದ ಬಣ್ಣ ವಾಪಸ್ ಬರುವುದಿಲ್ಲ.

ಗರಗಸ:
ಪಿಯು ವಿಚಾರ ಬಿಟ್ಟೆ, ಒಪ್ಪಿದೆ. ಫೋಮ್ ವಿಚಾರದಲ್ಲಿ ಇನ್ನೂ ಜಗಳ ಇದೆ. ಆ ಟೋಪಿ ಕವರಿನ ಒಳಗೆ ಒಂದಿಂಚು ಫೋಮ್ ಇಟ್ಟರೆ ಯಾರಿಗೆ ನಷ್ಟ? ಪುಡಿಯಾದರೆ ಬಿಚ್ಚಿ ಬಿಸಾಡಿದರಾಯಿತು.

ಸೂಜಿಮೊನೆ:
ಪುಡಿಯಾಗುವಾಗ ಅಂಟಂಟಾಗಿ ಕೆಳಗಿನ ಬಟ್ಟೆಗೆ ಹತ್ತುತ್ತದೆ. ಮಧ್ಯೆ ಎರಡು ಪದರ ಹತ್ತಿ ಬಟ್ಟೆ ಹಾಕಿ, ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಹಳದಿಯಾಗಿದ್ದರೆ ಬದಲಿಸಿ. ಹಾಗೆ ಮಾಡುವುದಾದರೆ ಇಡಿ, ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ.

ಹಳೇಮರ:
ಅಗಸೆ ಎಣ್ಣೆ ಬಗ್ಗೆ ಮಾತ್ರ ನಾನು ಒಪ್ಪಿಲ್ಲ.